ಬಾಗಿಲು ಹಾಕಿಕೊಂಡ ಮೇಲೆ (ಏಕಾಂತ ಸರಣಿ, ಪೋಸ್ಟ್ 4)

(1/4)
ಪ್ಲೇಸ್‌ಮೆಂಟ್ ಸೀಸನ್ ಶುರುವಾಗಿದೆ. ಸ್ಟೋರಿ ತೆಗೆದರೆ ಸಾಕು, ಒಬ್ಬರ ಆಫರ್ ಲೆಟರ್, ಇನ್ನೊಬ್ಬರ ಹೊಸ ಬೈಕು, ಮತ್ತೊಬ್ಬರ ಎಂಗೇಜ್‌ಮೆಂಟ್ ಫೋಟೋ. ಕೆಳಗೆ "ದೇವರಿಗೆ ಸ್ತೋತ್ರ" ಅಂತ ಇರುತ್ತೆ. ಸ್ತೋತ್ರ ಹೇಳಿದ್ದು ಸರಿಯೇ, ನನ್ನ ತಕರಾರು ಅದರ ಮೇಲಲ್ಲ. ಆ ಸ್ಟೋರಿಗೆ ಲೈಕ್ ಒತ್ತಿ ಫೋನ್ ಕೆಳಗಿಟ್ಟಾಗ ನಿಮ್ಮ ಹೊಟ್ಟೆಯಲ್ಲಿ ಏನೋ ಚುರುಕ್ ಅನ್ನುತ್ತಲ್ಲ, ಇವತ್ತಿನ ಮಾತು ಅದರ ಬಗ್ಗೆ.

ಆ ಚುರುಕಿಗೆ ಯೂತ್ ಮೀಟಿಂಗ್‌ಗಳಲ್ಲಿ ಒಂದು ರೆಡಿಮೇಡ್ ಔಷಧಿ ಸಿಗುತ್ತೆ: ದಿನಾ ಬೆಳಿಗ್ಗೆ ಕ್ವೈಟ್ ಟೈಮ್ ಮಾಡು, ಸಮಾಧಾನ ತಾನಾಗೇ ಬರುತ್ತೆ. ಮಾತು ಸುಳ್ಳಲ್ಲ. ಆದರೆ ಹೇಳೋ ಧಾಟಿ ನೋಡಿದರೆ ಬೆಳಿಗ್ಗೆ ಗುಳಿಗೆ ನುಂಗಿ, ಮಧ್ಯಾಹ್ನಕ್ಕೆ ತಲೆನೋವು ಮಾಯ ಅನ್ನೋ ಹಾಗಿರುತ್ತೆ. ಹದಿನೈದು ದಿನ ಮಾಡಿ ನೋಡಿದವರು, ಚುರುಕು ಹೋಗದೇ ಇದ್ದಾಗ, ಸದ್ದಿಲ್ಲದೆ ಬಿಟ್ಟುಬಿಡ್ತಾರೆ. "ನನಗೆ ಇದೆಲ್ಲ ಆಗಿಬರಲ್ಲ" ಅಂತ ತೀರ್ಮಾನವನ್ನೂ ಮಾಡ್ಕೊಂಡಿರ್ತಾರೆ.

ನಾನು ಹೇಳೋದು ಇಷ್ಟು. ದೇವರ ಜೊತೆ ಒಬ್ಬರೇ ಕೂತರೆ ತೃಪ್ತಿ ಬರುತ್ತೆ, ನಿಜ. ಬೇಕು ಅಂದಿದ್ದು ಸಿಕ್ಕಿ ಬರೋ ತೃಪ್ತಿ ಅದಲ್ಲ. ಅಲ್ಲಿ ಕೂತು ಕೂತು ನಮ್ಮ "ಬೇಕು"ಗಳ ಹಿಡಿತ ಸಡಿಲ ಆಗುತ್ತೆ. ಅದಕ್ಕೆ ಸಮಯ ಹಿಡಿಯುತ್ತೆ. ಸ್ವಲ್ಪ ಅಳುವೂ ಇರುತ್ತೆ.

(2/4)
ಕೀರ್ತನೆ 131 ತೆಗೆಯಿರಿ. ಮೂರೇ ವಚನ, ಒಂದು ಸ್ಟೇಟಸ್‌ಗಿಂತ ಸ್ವಲ್ಪ ಉದ್ದ ಅಷ್ಟೇ. ತಲೆಬರಹದಲ್ಲಿ ದಾವೀದನ ಹೆಸರಿದೆ. ನನ್ನ ಕೈಗೆ ಮೀರಿದ ದೊಡ್ಡ ವಿಷಯಗಳ ಹಿಂದೆ ನಾನು ಬೀಳಲ್ಲ ಅಂತ ಹೇಳಿ, ಆಮೇಲೆ ಒಂದು ಚಿತ್ರ ಕೊಡ್ತಾನೆ: ಮೊಲೆ ಬಿಡಿಸಿದ ಮಗು ತಾಯಿ ಹತ್ತಿರ ಇರೋ ಹಾಗೆ ನನ್ನ ಪ್ರಾಣ ನನ್ನೊಳಗೆ ಇದೆ ಅಂತ.

ಹಾಲು ಕುಡಿಯೋ ಕೂಸು ಅಂತ ಬರೆದಿಲ್ಲ, ಗಮನಿಸಿ. ಹಾಲು ಕುಡಿಯೋ ಕೂಸು ಮಡಿಲಿಗೆ ಬಂದರೆ ಹಾಲಿಗೆ ತಡಕಾಡುತ್ತೆ, ತಡವಾದರೆ ಕಿರುಚುತ್ತೆ. ಮೊಲೆ ಬಿಟ್ಟ ಮಗುವೂ ಅದೇ ಮಡಿಲಿಗೇ ಬರೋದು. ಬಂದು ಸುಮ್ಮನೆ ಒರಗಿಕೊಂಡು ಕೂರುತ್ತೆ, ಅಮ್ಮನ ಬಳೆ ಜೊತೆ ಆಡುತ್ತೆ. ಅದಕ್ಕೆ ಅಮ್ಮ ಇದ್ದರೆ ಸಾಕು.

ಮನೆಯಲ್ಲಿ ಚಿಕ್ಕ ಮಕ್ಕಳನ್ನ ಕಂಡವರಿಗೆ ಗೊತ್ತು, ಈ ಶಾಂತಿ ಪುಕ್ಕಟೆ ಬರಲ್ಲ. ಬೇವಿನೆಲೆ ಅರೆದು ಹಚ್ಚೋದು, ರಾತ್ರಿಯಿಡೀ ರಂಪ, ಅಜ್ಜಿ ಹೆಗಲ ಮೇಲೆ ಹಾಕ್ಕೊಂಡು ಅಂಗಳದಲ್ಲಿ ಓಡಾಡೋದು. ಮಗುವಿಗೆ ಆ ವಾರ ಅನ್ನಿಸೋದು ಒಂದೇ: ಅಮ್ಮ ನನಗೆ ಮೋಸ ಮಾಡಿದಳು. (ಆದಿಕಾಂಡದಲ್ಲಿ ಇಸಾಕನ ಮೊಲೆ ಬಿಡಿಸಿದ ದಿನ ಅಬ್ರಹಾಮ ದೊಡ್ಡ ಔತಣ ಮಾಡಿಸ್ತಾನೆ. ಊರಿಗೆಲ್ಲ ಊಟ. ಇಸಾಕನನ್ನ ಯಾರಾದ್ರೂ ಕೇಳಿದ್ರಾ?)

ಹಾಗಾಗಿ ಕಣ್ಣು ಮುಚ್ಚಿದ ತಕ್ಷಣ ಆಫರ್ ಲೆಟರ್ ಎದುರಿಗೆ ಬಂದರೆ ಪ್ರಾರ್ಥನೆ ಕೆಟ್ಟಿತು ಅಂದುಕೊಳ್ಳಬೇಡಿ. ಅದು ಬರಲಿ. ಸುತ್ತಿ ಬಳಸಿ "ಕರ್ತನೇ, ನಿನ್ನ ಚಿತ್ತದಂತೆ ಆಗಲಿ" ಅಂತ ಮುಗಿಸೋ ಮೊದಲು ಇದ್ದದ್ದನ್ನ ಇದ್ದ ಹಾಗೆ ಹೇಳಿ: ಅವಳಿಗೆ ಸಿಕ್ಕ ಕೆಲಸ ನನಗೆ ಬೇಕಿತ್ತು, ನನಗಿಂತ ಅವಳಿಗೆ ಕಮ್ಮಿ ಮಾರ್ಕ್ಸ್ ಬಂದಿತ್ತು, ನನಗೆ ಉರಿತಾ ಇದೆ. ನಾಳೆಯೂ ಅದೇ ಹೇಳಿ. ಇಷ್ಟನೇ ದಿನಕ್ಕೆ ಸರಿಹೋಗುತ್ತೆ ಅಂತ ಲೆಕ್ಕ ಇಲ್ಲ. ಆದರೆ ಒಂದು ದಿನ ಅದೇ ಮಾತು ಹೇಳುವಾಗ ನಿಮ್ಮ ದನಿಯಲ್ಲೇ ಅಷ್ಟು ಜೋರಿರಲ್ಲ. ಗೆಳತಿಯ ಮುಂದೆ, ರೂಮ್‌ಮೇಟ್ ಮುಂದೆ ಇದನ್ನ ಹೀಗೆ ಹೇಳೋಕಾಗಲ್ಲ. ಅಲ್ಲಿ ಅರ್ಧ ನಾಟಕ ಸೇರ್ಕೊಂಡುಬಿಡುತ್ತೆ. ಒಬ್ಬರೇ ಇರಬೇಕು ಅನ್ನೋದು ಇದಕ್ಕೇ.

(3/4)
ಫಿಲಿಪ್ಪಿ 4:13 ನಿಮಗೆ ಬಾಯಿಪಾಠ ಇದ್ದೇ ಇರುತ್ತೆ. ಟೀ ಶರ್ಟ್ ಮೇಲೆ, ಬೈಕಿನ ಮೇಲೆ, ಎಕ್ಸಾಮ್ ಹಿಂದಿನ ರಾತ್ರಿ ಸ್ಟೇಟಸ್‌ನಲ್ಲಿ. ಅದರ ಹಿಂದಿನ ಎರಡು ವಚನಗಳನ್ನ ಮಾತ್ರ ಯಾರೂ ಬೈಕಿಗೆ ಹಾಕಿಸಲ್ಲ. ಅಲ್ಲಿ ಪೌಲ ಮಾತಾಡ್ತಿರೋದು ರ್‍ಯಾಂಕ್ ಬಗ್ಗೆ ಅಲ್ಲ. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ತೃಪ್ತನಾಗಿರೋದನ್ನ ಕಲಿತುಕೊಂಡೆ ಅಂತಾನೆ, ಅದೂ ಬೇಡಿ ಹಾಕಿಸಿಕೊಂಡು ಸೆರೆಯಲ್ಲಿದ್ದಾಗ. ಕಲಿತದ್ದು ಅಂದಮೇಲೆ ಪೌಲನಿಗೂ ಮೊದಲು ಬರ್ತಿರಲಿಲ್ಲ ಅಂತಾಯ್ತು. ಇದು ನನಗೆ ದೊಡ್ಡ ಧೈರ್ಯ.

ಅವನು ಅಲ್ಲಿ ಬಳಸೋ ಗ್ರೀಕ್ ಪದ ಔತಾರ್ಕೇಸ್. ಸ್ಟೋಯಿಕ್ ತತ್ವಜ್ಞಾನಿಗಳಿಗೆ ಬಹಳ ಇಷ್ಟದ ಪದ: ಯಾರ ಹಂಗೂ ಇಲ್ಲದೆ ತನಗೆ ತಾನೇ ಸಾಕಾಗೋ ಮನುಷ್ಯ. ಪೌಲ ಪದ ಅವರಿಂದ ತಗೊಂಡು ಅರ್ಥ ತಿರುಗಿಸಿಬಿಟ್ಟ. ನನಗೆ ನಾನೇ ಸಾಕಾಗಿದ್ದಲ್ಲ, ನನಗೆ ಬಲ ಕೊಡೋನು ಬೇರೆ ಇದ್ದಾನೆ ಅಂತ. "ನನಗೆ ಯಾರೂ ಬೇಡ, ನಾನು ಸಿಂಗಲ್ ಸಿಂಹ" ಅನ್ನೋ ರೀಲ್ಸ್ ನೋಡಿ ಬೆಳೀತಿರೋ ನಮಗೆ ಈ ವ್ಯತ್ಯಾಸ ಗೊತ್ತಿರಬೇಕು.

ಆಫರ್ ಸಿಕ್ಕವರೇ, ಇದು ನಿಮಗೂ. ಹೊಟ್ಟೆ ತುಂಬಿದಾಗ ತೃಪ್ತನಾಗಿರೋದನ್ನೂ ಪೌಲ ಕಲಿಯಬೇಕಾಯ್ತು. ಕೆಲಸ ಸಿಕ್ಕ ಮೊದಲ ವಾರದಲ್ಲೇ ಪಕ್ಕದವನ ಪ್ಯಾಕೇಜ್ ಎಷ್ಟು ಅಂತ ಕೇಳಿದವರು ನಮ್ಮ ಕ್ಲಾಸಲ್ಲೇ ಇದ್ದಾರೆ.

ಇನ್ನೊಂದು ಜಾಗ, ಮಾರ್ಕ 1. ಕಪೆರ್ನೌಮಿನಲ್ಲಿ ಹಿಂದಿನ ಸಂಜೆ ಇಡೀ ಊರೇ ಬಾಗಿಲಲ್ಲಿ ನೆರೆದಿತ್ತು. ಯೇಸು ಎಷ್ಟೋ ರೋಗಿಗಳನ್ನ ಗುಣಪಡಿಸಿದ್ದ. ಬೆಳಗಾಗೋ ಮೊದಲು, ಇನ್ನೂ ಕತ್ತಲಿರುವಾಗ, ಎದ್ದು ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸ್ತಾನೆ. ಸೀಮೋನ ಮತ್ತೆ ಜೊತೆಯವರು ಹುಡುಕಿಕೊಂಡು ಬಂದು ಎಲ್ಲರೂ ನಿನ್ನನ್ನೇ ಹುಡುಕ್ತಿದ್ದಾರೆ ಅಂತಾರೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ, ನಿನ್ನ ರೀಚ್ ಏರ್ತಿದೆ, ಈಗ ಬಿಡಬೇಡ. ಅವನು ಆ ಜನರ ಹತ್ತಿರ ವಾಪಸ್ ಹೋಗಲ್ಲ, ಪಕ್ಕದ ಊರುಗಳಿಗೆ ಹೋಗೋಣ ಅಂತಾನೆ, ಅಲ್ಲೂ ಸಾರಬೇಕು, ಬಂದಿರೋದೇ ಅದಕ್ಕೆ ಅಂತ. ಅಷ್ಟು ಜನ ಹೊಗಳ್ತಾ ಕಾಯ್ತಿರೋವಾಗ ಎದ್ದು ಬೇರೆ ಕಡೆ ನಡೆಯೋದು ಸುಮ್ಮನೆ ಅಲ್ಲ. ಆ ಕತ್ತಲಲ್ಲಿ ತಂದೆಯ ಜೊತೆ ಕೂತಿದ್ದಕ್ಕೂ ಈ ಬಿಡುಗಡೆಗೂ ನಂಟಿದೆ ಅಂತ ನನ್ನ ನಂಬಿಕೆ.

(4/4)
ಈಗ ಎರಡು ಜಗಳದ ಮಾತು.

ಒಂದು. ತೃಪ್ತಿ ಅನ್ನೋ ಪದವನ್ನ ಬೇರೆಯವರ ಬಾಯಿ ಮುಚ್ಚಿಸೋಕೆ ಬಳಸಬೇಡಿ. ಫೀಸ್ ಕಟ್ಟೋಕಾಗದೆ ಒದ್ದಾಡೋ ಹುಡುಗನಿಗೆ ಇದ್ದದ್ದರಲ್ಲಿ ತೃಪ್ತಿಪಡು ಅನ್ನೋದು ಬಹಳ ಸುಲಭ, ಅನ್ನುವವನ ಫೀಸ್ ಅವರಪ್ಪ ಕಟ್ಟಿರುವಾಗ. ಅದೇ ಫಿಲಿಪ್ಪಿ 4ರಲ್ಲಿ, ಎಪಫ್ರೊದೀತನ ಕೈಯಲ್ಲಿ ಬಂದ ಸಹಾಯವನ್ನ ಪೌಲ ಸಂತೋಷದಿಂದ ತಗೊಂಡು ಥ್ಯಾಂಕ್ಸ್ ಹೇಳ್ತಾನೆ. ಸ್ಕಾಲರ್‌ಶಿಪ್ ಕೇಳಿ. ಸಾಲ ಬೇಕಾದರೆ ಕೇಳಿ. ಅನ್ಯಾಯ ಆಗಿದ್ದರೆ ಜೋರಾಗೇ ಕೇಳಿ. ಅದಕ್ಕೂ ಅತೃಪ್ತಿಗೂ ಸಂಬಂಧ ಇಲ್ಲ.

ಎರಡು. ಎದ್ದೇಳೋಕೇ ಆಗದಷ್ಟು ಮನಸ್ಸು ಕುಸಿದಿರೋ ಗೆಳೆಯನಿಗೆ "ಇನ್ನೂ ಸ್ವಲ್ಪ ಪ್ರಾರ್ಥಿಸು" ಅಂತ ಹೇಳಿ ಕೈತೊಳೆದುಕೊಳ್ಳಬೇಡಿ. ಎಲೀಯ ಗಿಡದ ಕೆಳಗೆ ಕೂತು ಸಾವು ಕೇಳಿಕೊಂಡಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ. ಬೆಟ್ಟದ ಮೇಲಿನ ಆ ಮೆಲುದನಿ ಆಮೇಲೆ ಬಂತು. ಮೊದಲು ಊಟ ಮಾಡಿಸಿ, ಜೊತೆಗೆ ಕೂತು, ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೂ ಮಾತಾಡ್ತಾರೆ.

ಇನ್ನು ಜಾಗದ ಪ್ರಶ್ನೆ. ಹಾಸ್ಟೆಲ್ ರೂಮಲ್ಲಿ ನಾಲ್ಕು ಜನ, ಎಲ್ಲಿ ಕೂರೋದು ಅಂತ ಕಳೆದ ಪೋಸ್ಟ್‌ಗೆ ಸುಮಾರು ಜನ ಕೇಳಿದ್ರಿ. ಮತ್ತಾಯ 6ರಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೋ ಅಂತ ಯೇಸು ಹೇಳೋ ಕೋಣೆಗೆ ಗ್ರೀಕಿನಲ್ಲಿ ತಮೇಯೋನ್ ಅಂತಾರೆ. ಲೂಕ 12ರಲ್ಲಿ ಕಾಗೆಗಳಿಗೆ ಉಗ್ರಾಣ ಇಲ್ಲ ಅನ್ನೋ ಕಡೆಯೂ ಇದೇ ಪದ. ಅಂದ್ರೆ ಕಾಳುಕಡಿ ಇಡೋ ಕೋಣೆ! ಕಿಟಕಿ ಪಕ್ಕ ಕಾಫಿ ಮಗ್, ಹೈಲೈಟರ್, ಬೆಳಗಿನ ಬಿಸಿಲು, ಇದ್ಯಾವುದೂ ಅಲ್ಲಿಲ್ಲ. ಯಾರೂ ನೋಡದ ಜಾಗ ಅನ್ನೋದೇ ಅದರ ವಿಶೇಷ. ಅದಕ್ಕೇ ಕ್ವೈಟ್ ಟೈಮ್ ಫೋಟೋ ಹಾಕೋದು ನನಗೆ ಒಪ್ಪಿಗೆ ಇಲ್ಲ. ಹಾಕಿದವರ ಮನಸ್ಸು ಕೆಟ್ಟದ್ದು ಅಂತ ಅಲ್ಲ. ಫೋಟೋ ತೆಗೆದ ಕ್ಷಣ ಕೋಣೆಯಲ್ಲಿ ಎಂಟುನೂರು ಜನ ಬಂದು ಕೂತಿರ್ತಾರೆ, ಅವರೆದುರು "ನನಗೆ ಉರಿತಾ ಇದೆ" ಅಂತ ಹೇಳೋಕಾಗಲ್ಲ. ಜಾನ್ ವೆಸ್ಲಿಯ ತಾಯಿ ಸುಸನ್ನಾ ಮನೆತುಂಬ ಮಕ್ಕಳ ನಡುವೆ ಏಪ್ರನ್ ತಲೆ ಮೇಲೆ ಎಳ್ಕೊಂಡು ಪ್ರಾರ್ಥಿಸ್ತಿದ್ದಳು ಅಂತ ಹೇಳ್ತಾರೆ. ನಮ್ಮಲ್ಲಿ ದುಪ್ಪಟ್ಟಾ ಇದೆ, ಬೆಡ್‌ಶೀಟ್ ಇದೆ, ಟೆರೇಸ್ ಮೇಲೆ ನೀರಿನ ಟ್ಯಾಂಕ್ ಹಿಂದೆ ಒಂದಿಷ್ಟು ನೆರಳೂ ಇದೆ.

ಈ ವಾರ ಹದಿನೈದು ನಿಮಿಷ, ಫೋನ್ ರೂಮಲ್ಲೇ ಬಿಟ್ಟು, ಪೇಪರ್ ಸತ್ಯವೇದ ಹಿಡ್ಕೊಂಡು ಹೋಗಿ (ಆ್ಯಪ್ ಬೇಡ, ನೋಟಿಫಿಕೇಶನ್ ಬರುತ್ತೆ). ಏಳು ದಿನವೂ ಕೀರ್ತನೆ 131 ಒಂದನ್ನೇ ಓದಿ. ನಿಮ್ಮ "ಉಗ್ರಾಣ" ಎಲ್ಲಿ ಸಿಕ್ಕಿತು ಅಂತ ಕಾಮೆಂಟ್‌ನಲ್ಲಿ ಹೇಳಿ, ಹೊಸದಾಗಿ ಹಾಸ್ಟೆಲ್‌ಗೆ ಬಂದಿರೋ ಜೂನಿಯರ್‌ಗಳಿಗೆ ಉಪಯೋಗ ಆಗುತ್ತೆ. ಫೋಟೋ ಬೇಡ.

#ಏಕಾಂತ #ಕೀರ್ತನೆ131 #ಉಗ್ರಾಣ