ಹಡಗು ಹೋಯ್ತು, ತಪ್ಪು ಯಾರದು?

ಹೋದ ತಿಂಗಳು ನಮ್ಮ ಟೀಮಲ್ಲಿ ಒಂದು ರಾತ್ರಿ ಪ್ರೊಡಕ್ಷನ್ ಮಲಗಿಬಿಡ್ತು. ಬಟನ್ ಒತ್ತಿದ್ದು ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗ. ಆ ಬದಲಾವಣೆಗೆ ಎರಡೇ ನಿಮಿಷದಲ್ಲಿ ಅಪ್ರೂವಲ್ ಕೊಟ್ಟವನು ನಾನು. ಮರುದಿನದ ಮೀಟಿಂಗಲ್ಲಿ ಬಂದಿದ್ದು ಅವನ ಹೆಸರು ಮಾತ್ರ. ನಾನು ಮ್ಯೂಟಲ್ಲಿದ್ದೆ.

ಆ ವಾರ ನಿದ್ದೆ ಬಾರದೆ ಓದಿದ್ದು ಚೆಸಪೀಕ್ ಅನ್ನೋ ಹಡಗಿನ ಕಥೆ. ಅಮೆರಿಕ ನೌಕಾಪಡೆ ಮೊದಲು ಕಟ್ಟಿಸಿದ ಆರು ಫ್ರಿಗೇಟ್‌ಗಳಲ್ಲಿ ಇದೂ ಒಂದು. ಫ್ರಿಗೇಟ್ ಅಂದ್ರೆ ಹಾಯಿಗಳ ಕಾಲದ ವೇಗದ ಯುದ್ಧನೌಕೆ. ನೀರಿಗಿಳಿದದ್ದು 1799ರಲ್ಲಿ, ವರ್ಜೀನಿಯಾದಲ್ಲಿ.

1807ರ ಜೂನ್‌ನಲ್ಲಿ ಅದು ಬಂದರಿನಿಂದ ಹೊರಟಾಗ, ತಮ್ಮ ನೌಕಾಪಡೆ ಬಿಟ್ಟು ಓಡಿಹೋದ ನಾವಿಕರು ಅದರಲ್ಲಿದ್ದಾರೆ ಅಂತ ಬ್ರಿಟಿಷರ ಲೆಪರ್ಡ್ ಹಡಗು ಅಡ್ಡಗಟ್ಟಿತು. ಹುಡುಕಲು ಬಿಡಲ್ಲ ಅಂದರು ಕಮಡೋರ್ ಜೇಮ್ಸ್ ಬ್ಯಾರನ್. ಲೆಪರ್ಡ್ ಗುಂಡು ಹಾರಿಸಿಯೇಬಿಟ್ಟಿತು. ಚೆಸಪೀಕ್‌ನ ಡೆಕ್ ತುಂಬ ಸಾಮಾನು ಹರಡಿಕೊಂಡಿತ್ತು, ಫಿರಂಗಿಗಳು ಸಿದ್ಧವಾಗಿರಲಿಲ್ಲ. ಕೊನೆಗೆ ಅಡುಗೆಯ ಒಲೆಯಿಂದ ಕೆಂಡ ತಂದು ಒಂದೇ ಒಂದು ಗುಂಡು ಹಾರಿಸಿದರಂತೆ. ಮೂವರು ಅಲ್ಲೇ ಸತ್ತರು, 18 ಜನ ಗಾಯಗೊಂಡರು. ಬ್ರಿಟಿಷರು ನಾಲ್ವರನ್ನು ಎಳೆದುಕೊಂಡು ಹೋದರು. ಅವರಲ್ಲೊಬ್ಬನನ್ನು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಗಲ್ಲಿಗೇರಿಸಿದರು. ಬ್ಯಾರನ್‌ಗೆ ಐದು ವರ್ಷ ಅಮಾನತು. ನಾವಿಕರು ಆ ಹಡಗನ್ನ ದುರದೃಷ್ಟದ ಹಡಗು ಅಂತ ಕರೆಯೋಕೆ ಶುರು ಮಾಡಿದರು. ನಮ್ಮಲ್ಲೂ ಅಂಥ ಒಂದು ಸರ್ವರ್ ಇದೆ, ಇರಲಿ.

1812ರಲ್ಲಿ ಎರಡೂ ದೇಶಗಳ ನಡುವೆ ಯುದ್ಧವೇ ಶುರುವಾಯ್ತು. ಮರುವರ್ಷ ಬೋಸ್ಟನ್ ಬಂದರಿನ ಹೊರಗೆ ಶಾನನ್ ಅನ್ನೋ ಬ್ರಿಟಿಷ್ ಫ್ರಿಗೇಟ್ ಕಾವಲು ಕಾಯ್ತಾ ಇತ್ತು. ಅದರ ಕ್ಯಾಪ್ಟನ್ ಫಿಲಿಪ್ ಬ್ರೂಕ್. ನನಗೆ ಈ ಕಥೆಯಲ್ಲಿ ತುಂಬ ಹಿಡಿಸಿದ ಮನುಷ್ಯ. 1806ರಿಂದ ಅದೇ ಹಡಗಿನಲ್ಲಿದ್ದ. ಬ್ರಿಟಿಷ್ ನೌಕಾಪಡೆಯ ಎಷ್ಟೋ ಹಡಗುಗಳು ಮದ್ದು ಉಳಿಸೋ ನೆಪದಲ್ಲಿ ಅಭ್ಯಾಸ ಮಾಡದೇ ಇದ್ದಾಗ, ಇವನು ಬಿಡದೆ ಫಿರಂಗಿ ತಾಲೀಮು ಮಾಡಿಸ್ತಿದ್ದ. ಸಮುದ್ರಕ್ಕೆ ಪೀಪಾಯಿ ಎಸೆದು ಅದಕ್ಕೆ ಗುರಿ ಇಡಿಸ್ತಿದ್ದ. ಸ್ವಂತ ದುಡ್ಡು ಹಾಕಿ ಫಿರಂಗಿಗಳಿಗೆ ಗುರಿ ನೋಡೋ ಸಾಧನ ಕೂರಿಸಿದ. ಆ ಕಾಲದಲ್ಲಿ ಹಿಡಿದ ಹಡಗನ್ನು ಬಂದರಿಗೆ ಒಯ್ದರೆ ಬಹುಮಾನದ ಹಣ ಸಿಗ್ತಿತ್ತು. ಒಯ್ಯೋಕೆ ತನ್ನ ಜನರನ್ನ ಕಳಿಸಬೇಕಲ್ಲ ಅಂತ ಹಲವು ಹಡಗುಗಳನ್ನ ಅಲ್ಲೇ ಸುಟ್ಟುಬಿಟ್ಟ. ಟೀಮ್ ಒಡೆಯಬಾರದು ಅಂತ ಬೋನಸ್ ಬಿಟ್ಟ ಮ್ಯಾನೇಜರ್!

ಈ ಕಡೆ ಚೆಸಪೀಕ್‌ನ ಕ್ಯಾಪ್ಟನ್ ಜೇಮ್ಸ್ ಲಾರೆನ್ಸ್. ಧೈರ್ಯದಲ್ಲಿ ಕಮ್ಮಿ ಇಲ್ಲ, ಕೆಲವೇ ತಿಂಗಳ ಹಿಂದೆ ಬ್ರಿಟಿಷರ ಒಂದು ಹಡಗು ಮುಳುಗಿಸಿದ್ದ. ಆದರೆ ಚೆಸಪೀಕ್‌ಗೆ ಬಂದು ಎರಡು ವಾರವೂ ಆಗಿರಲಿಲ್ಲ. ಮೊದಲನೇ ಲೆಫ್ಟಿನೆಂಟ್ ಅಗಸ್ಟಸ್ ಲಡ್ಲೋಗೆ 21 ವಯಸ್ಸು. ಎಷ್ಟೋ ಜನ ಒಟ್ಟಿಗೆ ಕೆಲಸ ಮಾಡಿದವರೇ ಅಲ್ಲ.

1813ರ ಜೂನ್ 1, ಸಂಜೆ. ನೋಡೋಕೆ ಅಂತ ಬೋಸ್ಟನ್ ಜನ ದೋಣಿ ಕಟ್ಟಿಕೊಂಡು ಬಂದಿದ್ದರು. ಶಾನನ್‌ನ ಮೊದಲ ಸುತ್ತುಗಳಿಗೇ ಚೆಸಪೀಕ್‌ನ ಚುಕ್ಕಾಣಿ ಹಿಡಿದವರು ಉರುಳಿದರು. ಹಿಡಿತ ತಪ್ಪಿದ ಹಡಗು ಶಾನನ್‌ಗೆ ತಗುಲಿ ಸಿಕ್ಕಿಕೊಂಡಿತು. ಬ್ರೂಕ್ ತಾನೇ ಮುಂದಾಗಿ ಅದರ ಮೇಲೆ ಹಾರಿದ. ತಡೆಯೋಕೆ ಜನರನ್ನ ಕರೀಬೇಕಿದ್ದ ಕಹಳೆ ಊದಲೇ ಇಲ್ಲ. ನಮ್ಮ ಅಲರ್ಟ್ ಥರಾನೇ. ಕಾಲು ಗಂಟೆ ಒಳಗೆ ಎಲ್ಲ ಮುಗೀತು. ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು 200ಕ್ಕೂ ಹೆಚ್ಚು. ಬ್ರೂಕ್‌ನ ತಲೆಗೆ ಭಾರೀ ಕತ್ತಿಯೇಟು ಬಿತ್ತು, ಬದುಕಿದ.

ಲಾರೆನ್ಸ್ ಬಿದ್ದಾಗ ಹೇಳಿದ್ದು, ಹಡಗು ಬಿಟ್ಟುಕೊಡಬೇಡಿ ಅಂತ. ಹಡಗು ಹೋಯ್ತು, ಮಾತು ಮಾತ್ರ ಘೋಷಣೆಯಾಗಿ ಉಳೀತು. ಅದೇ ವರ್ಷ ಇನ್ನೊಂದು ಯುದ್ಧದಲ್ಲಿ ಅದನ್ನು ಬಾವುಟದ ಮೇಲೆ ಬರೆದು ಹಾರಿಸಿದರು. ಚೆಸಪೀಕ್‌ನ ಒಯ್ದಿದ್ದು ಎಲ್ಲಿಗೆ ಗೊತ್ತಾ? ಅದೇ ಹ್ಯಾಲಿಫ್ಯಾಕ್ಸ್‌ಗೆ. ದಾರಿಯಲ್ಲೇ ಲಾರೆನ್ಸ್ ತೀರಿಕೊಂಡ. ಲಡ್ಲೋನೂ ಉಳಿಯಲಿಲ್ಲ. ಆಮೇಲೆ ಹಡಗನ್ನ ಇಂಗ್ಲೆಂಡಿನಲ್ಲಿ ಒಡೆದು ಮಾರಿದರು. ಅದರ ತೊಲೆಗಳಿಂದ ಕಟ್ಟಿದ ಹಿಟ್ಟಿನ ಗಿರಣಿಯ ಕಟ್ಟಡ ವಿಕಮ್ ಅನ್ನೋ ಊರಲ್ಲಿ ಇವತ್ತೂ ನಿಂತಿದೆ.

ನನ್ನ ನಿದ್ದೆ ಕೆಡಿಸಿದ್ದು ಇದ್ಯಾವುದೂ ಅಲ್ಲ, ವಿಲಿಯಂ ಕಾಕ್ಸ್. ಹಂಗಾಮಿ ಲೆಫ್ಟಿನೆಂಟ್, ಇಪ್ಪತ್ತು ದಾಟಿದ ಹುಡುಗ. ಬಿದ್ದ ಕ್ಯಾಪ್ಟನ್‌ನ ಹೊತ್ತು ಕೆಳಗೆ ವೈದ್ಯರ ಹತ್ತಿರ ತಂದವರಲ್ಲಿ ಒಬ್ಬ. ಅಷ್ಟರಲ್ಲಿ ಮೇಲಿದ್ದ ಹಿರಿಯ ಅಧಿಕಾರಿಗಳೆಲ್ಲ ಉರುಳಿದ್ದರು. ಅಂದ್ರೆ ಹಡಗು ಈಗ ಇವನ ಜವಾಬ್ದಾರಿ, ಇವನಿಗೇ ಅದು ಗೊತ್ತಿಲ್ಲ. 1814ರಲ್ಲಿ ನೌಕಾ ನ್ಯಾಯಾಲಯ ಕರ್ತವ್ಯ ಲೋಪ ಅಂತ ಹೇಳಿ ಅವನನ್ನ ಸೇವೆಯಿಂದಲೇ ತೆಗೆದುಹಾಕಿತು. ಲಾರೆನ್ಸ್ ವೀರನಾದ, ಕಾಕ್ಸ್ ಕಳಂಕಿತನಾದ. ಹೊಸ ಟೀಮ್ ಇಟ್ಟುಕೊಂಡು ಶಾನನ್ ಎದುರಿಗೆ ಹೋಗಬೇಕು ಅಂತ ತೀರ್ಮಾನಿಸಿದ್ದು ಕಾಕ್ಸ್ ಅಲ್ಲವಲ್ಲ! ವಂಶದವರು ಪಟ್ಟು ಬಿಡಲಿಲ್ಲ. 1952ರಲ್ಲಿ ಅಮೆರಿಕದ ಸಂಸತ್ತು ಒಪ್ಪಿ, ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಮೇಲೆ ಅವನ ಹುದ್ದೆ ವಾಪಸ್ ಬಂತು. ಅಷ್ಟೊತ್ತಿಗೆ ಅವನು ಸತ್ತು ದಶಕಗಳೇ ಆಗಿದ್ದವು.

ಮೊನ್ನೆ ಆ ಹುಡುಗನನ್ನ ಟೀಗೆ ಕರ್ಕೊಂಡು ಹೋಗಿ ಈ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ನಾನೂ 138 ವರ್ಷ ಕಾಯ್ಬೇಕಾ ಅಣ್ಣ?" ಅಂದ. ನಗ್ತಾನೇ ಅಂದ. ನನಗೆ ಟೀ ಇಳೀಲಿಲ್ಲ. ಸೀಟಿಗೆ ವಾಪಸ್ ಬಂದು ಆ ರಾತ್ರಿಯ ವರದಿ ತೆರೆದು, ಅಪ್ರೂವ್ ಮಾಡಿದವರು ಅನ್ನೋ ಖಾಲಿ ಜಾಗದಲ್ಲಿ ನನ್ನ ಹೆಸರು ತುಂಬಿ, ಮ್ಯಾನೇಜರ್‌ಗೆ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.