ಮಾತಿಲ್ಲದ ಅರ್ಧ ತಾಸು

ಅಪರಾಧದ ಕಥೆಯೆಂದೊಡನೆ ಮೂಗು ಮುರಿಯುವ ಅಭ್ಯಾಸ ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ಇಂದಿಗೂ ಉಳಿದಿದೆ. ಅಂಥವರು ಜೂಲ್ಸ್ ಡಸಿನ್ ನಿರ್ದೇಶಿಸಿದ 1955ರ ಫ್ರೆಂಚ್ ಚಿತ್ರ 'ರಿಫಿಫಿ'ಯನ್ನು ಅವಶ್ಯವಾಗಿ ನೋಡಬೇಕು. ಸೆರೆಮನೆಯಿಂದ ಹೊರಬಂದ, ಕೆಮ್ಮಿನಿಂದ ಬಳಲುವ ಟೋನಿಯು ಮೂವರು ಸಂಗಡಿಗರೊಡನೆ ಪ್ಯಾರಿಸ್ಸಿನ ಆಭರಣದ ಅಂಗಡಿಯೊಂದಕ್ಕೆ ಕನ್ನ ಹಾಕುತ್ತಾನೆ. ಮೂಲ ಕಾದಂಬರಿಯನ್ನು ಓಗುಸ್ಟ್ ಲ ಬ್ರೆತೋಂ ಅಲ್ಲಿಯ ಭೂಗತರ ಆಡುನುಡಿಯಲ್ಲಿ ಬರೆದಿದ್ದ. 'ರಿಫಿಫಿ' ಎಂಬುದೂ ಆ ನುಡಿಯದೇ ಶಬ್ದ, ಹೊಡೆದಾಟವೆಂದು ಅರ್ಥ. ಇಂತಹ ಮಾತಿನ ಮಲ್ಲನ ಕೃತಿಯಿಂದ ಡಸಿನ್ ಹೊರತೆಗೆದದ್ದು ಮೌನವನ್ನು!

ಕನ್ನದ ಪ್ರಸಂಗ ಸುಮಾರು ಅರ್ಧ ತಾಸಿನದು. ಅಲ್ಲಿ ಸಂಭಾಷಣೆಯಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಮೇಲಿನ ಮನೆಯ ನೆಲವನ್ನು ಕೊರೆದು, ರಂಧ್ರದೊಳಗಿನಿಂದ ಕೊಡೆಯನ್ನು ಇಳಿಬಿಟ್ಟು ಕೆಳಗೆ ಬಿಚ್ಚುತ್ತಾರೆ. ಉದುರುವ ಗಾರೆಯೆಲ್ಲ ಅದರಲ್ಲಿ ಬೀಳುತ್ತದೆ. ಎಚ್ಚರಿಕೆಯ ಗಂಟೆಯ ಬಾಯಿಗೆ ಬೆಂಕಿ ನಂದಿಸುವ ನೊರೆಯನ್ನು ತುಂಬುತ್ತಾರೆ. ಅಕಸ್ಮಾತ್ತಾಗಿ ಮಿಡಿದ ಪಿಯಾನೋದ ಒಂದೇ ಸ್ವರ ನೋಡುಗನ ಎದೆಯನ್ನು ನಡುಗಿಸುತ್ತದೆ. ಸಂಗೀತಗಾರ ಜಾರ್ಜ್ ಓರಿಕ್ ಈ ಭಾಗಕ್ಕೂ ಸಂಗೀತ ರಚಿಸಿದ್ದ. ಎರಡೂ ಬಗೆಯಲ್ಲಿ ನೋಡಿದ ಮೇಲೆ ತಾನೇ ಅದನ್ನು ಕೈಬಿಡಲು ಒಪ್ಪಿದ. ತನ್ನ ರಚನೆಯನ್ನು ತಾನೇ ಅಳಿಸಬಲ್ಲ ಕಲಾವಿದರು ವಿರಳ; ಕವಿಗಳಲ್ಲಂತೂ ಇನ್ನೂ ವಿರಳ. ಧ್ವನಿ ಸಿದ್ಧಾಂತವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಆದರೆ ಚಿತ್ರವನ್ನು ಹೊಗಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಅದು ಸರಿಯಲ್ಲ. ಕೃತಿಯ ನಿಜವಾದ ಭಾರವಿರುವುದು ಮುಂದೆ. ಬೀಗ ತೆರೆಯುವ ನಿಪುಣ ಸೀಸರ್, ಕದ್ದ ಉಂಗುರವೊಂದನ್ನು ಗಾಯಕಿಗೆ ಕೊಟ್ಟು ಸಿಕ್ಕಿಬೀಳುತ್ತಾನೆ. ಹೆದರಿ ಸಂಗಡಿಗನ ಹೆಸರು ಹೇಳುತ್ತಾನೆ. ಕಂಬಕ್ಕೆ ಕಟ್ಟಲ್ಪಟ್ಟ ಅವನನ್ನು ಟೋನಿ ಕೊಲ್ಲುತ್ತಾನೆ, ದ್ವೇಷದಿಂದಲ್ಲ, ಕಳ್ಳರ ಕಟ್ಟಳೆಯೆಂದು. ಸೀಸರ್‌ನ ಪಾತ್ರವನ್ನು ಬೇರೆ ಹೆಸರಿನಲ್ಲಿ ಅಭಿನಯಿಸಿದವನು ಸ್ವತಃ ಡಸಿನ್. 1951ರಲ್ಲಿ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಸಹೋದ್ಯೋಗಿಗಳು ಅವನನ್ನು ಕಮ್ಯುನಿಸ್ಟನೆಂದು ಹೆಸರಿಸಿದ್ದರು. ಹಾಲಿವುಡ್ಡಿನ ಬಾಗಿಲು ಮುಚ್ಚಿತು, ಫ್ರಾನ್ಸಿನಲ್ಲಿಯೂ ಒಂದು ಚಿತ್ರ ಕೈತಪ್ಪಿತು. 1950ರ ಬಳಿಕ ಐದು ವರ್ಷಗಳಿಗೆ ಬಂದ ಚಿತ್ರವಿದು. ಹೆಸರು ಹೇಳಿದವರಿಂದ ಬದುಕು ಕೆಟ್ಟವನು, ಹೆಸರು ಹೇಳಿದವನ ವೇಷವನ್ನು ತಾನೇ ತೊಟ್ಟ. ಆ ಮುಖದಲ್ಲಿ ಕಾಣುವುದು ನೀಚತನವಲ್ಲ, ಬರಿಯ ಅಂಜಿಕೆ. ದ್ರೋಹಿಯನ್ನು ರಾಕ್ಷಸನನ್ನಾಗಿಸದ ಈ ಸಂಯಮವು ಕನ್ನದ ಕೌಶಲಕ್ಕಿಂತ ದೊಡ್ಡದು. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ದೊರೆತ ಪ್ರಶಸ್ತಿ ಈ ದೃಶ್ಯವೊಂದಕ್ಕೇ ಸಲ್ಲಬಹುದಿತ್ತು.

ಹಾಗೆಂದು ಚಿತ್ರಕ್ಕೆ ಪೂರ್ಣಾಂಕ ಕೊಡಲಾಗದು. ಟೋನಿಯು ತನ್ನ ಹಳೆಯ ಪ್ರೇಯಸಿ ಮಾದೋಳನ್ನು ಬೆಲ್ಟಿನಿಂದ ಹೊಡೆಯುತ್ತಾನೆ. ಸೀಸರ್‌ನ ಅಂಜಿಕೆಗೆ ದೊರೆತ ಸೂಕ್ಷ್ಮ ಗಮನ ಅವಳ ನೋವಿಗೆ ದೊರೆಯುವುದಿಲ್ಲ. ಅಪಹೃತ ಬಾಲಕನನ್ನು ಹುಡುಕಲು ಮುಂದೆ ಟೋನಿಗೆ ನೆರವಾಗುವವಳೂ ಅವಳೇ. ಯಾಕೆ ನೆರವಾದಳೆಂಬುದಕ್ಕೆ ಒಂದು ನೋಟವಾದರೂ ಬೇಕಿತ್ತು. ಕನ್ನದ ಮೌನದಲ್ಲಿ ಪ್ರತಿ ಬೆರಳೂ ಮಾತಾಡುತ್ತದೆ. ಮಾದೋಳ ಮೌನದಲ್ಲಿ ನಿರ್ದೇಶಕನಿಗೆ ಹೇಳುವುದೇನೂ ಇರಲಿಲ್ಲ.