ಅಗ್ಗದ ಕವಚ ಯಾರ ಎದೆಗೆ?

ತುರ್ತು ಸಂದರ್ಭಕ್ಕೆಂದು ಮನೆಮನೆಗೂ ಅಗ್ಗದ ಉಕ್ಕಿನ ಕವಚ ಬೇಕು ಎನ್ನುವವರಿಗೆ ಬೊರಿವಲಿಯಿಂದ ಒಂದು ಆಕ್ಷೇಪ. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಏಳು ಲೋಕಲ್‌ಗಳಲ್ಲಿ ಬಾಂಬ್ ಸಿಡಿದವು, ಅದರಲ್ಲೊಂದು ಇಲ್ಲಿ. ಆಫೀಸಿನಿಂದ ಮರಳುವವರು ಕವಚ ತೊಟ್ಟು ರೈಲು ಹತ್ತುತ್ತಾರೆಯೇ? 25 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ, 6 ಮಿ.ಮೀ. ದಪ್ಪದ ಒಂದು ಉಕ್ಕಿನ ಹಲಗೆಯೇ ಮೂರೂವರೆ ಕಿಲೋ. ಎದೆಗೂ ಬೆನ್ನಿಗೂ ಸೇರಿ ಏಳು. ಮೇಲಾಗಿ, ಬರಿಯ ಉಕ್ಕಿಗೆ ಬಡಿದ ಗುಂಡು ಚೂರಾಗಿ ಕತ್ತಿಗೆ, ತೋಳಿಗೆ ಸಿಡಿಯುತ್ತದೆ.

ಕವಚ ಬೇಕಾದದ್ದು ಅಪಾಯದ ಕಡೆಗೆ ಓಡುವುದೇ ಕೆಲಸವಾದವರಿಗೆ. 2008ರ ನವೆಂಬರ್ 26ರ ರಾತ್ರಿ ಗಿರ್ಗಾಂವ್ ಚೌಪಾಟಿಯಲ್ಲಿ ಕಸಬ್‌ನ ಬಂದೂಕಿನ ನಳಿಗೆಯನ್ನೇ ಹಿಡಿದು ಪ್ರಾಣ ಕೊಟ್ಟ ತುಕಾರಾಂ ಓಂಬ್ಳೆ ಅವರ ಬಳಿ ಇದ್ದದ್ದು ಲಾಠಿ.

2018ರಲ್ಲಿ ಭಾರತೀಯ ಮಾನಕ ಬ್ಯೂರೋ ಇಂಥ ಜಾಕೆಟ್‌ಗಳಿಗೆ ಐಎಸ್ 17051 ಎಂಬ ಮಾನದಂಡ ತಂದಿತು. ಅದರ ಹೆಸರಿನಲ್ಲಿ ‘ಪ್ರೂಫ್’ ಇಲ್ಲ, ‘ರೆಸಿಸ್ಟಂಟ್’ ಇದೆ. ತಡೆದೀತು, ಆದರೆ ಅಭಯವಿಲ್ಲ. ಮಾರುವವರ ಮಾತಿಗಿಂತ ಈ ಪದ ಪ್ರಾಮಾಣಿಕ.

ಅಗ್ಗ ಮಾಡುವುದಿದ್ದರೆ ಆ ಪರೀಕ್ಷೆ ಗೆದ್ದ ಕವಚವನ್ನು ಅಗ್ಗ ಮಾಡಿ. ನಾಕಾಬಂದಿಯಲ್ಲಿ ನಿಂತ ಕಾನ್‌ಸ್ಟೇಬಲ್‌ಗೆ ಮೊದಲು ತೊಡಿಸಿ. ಲೋಕಲ್ ಹತ್ತುವ ನಮಗೆ ರಕ್ತ ನಿಲ್ಲಿಸುವ ಪಟ್ಟಿ, ಅದನ್ನು ಕಟ್ಟಲು ಬಲ್ಲ ಕೈಗಳು ಬೇಕು.